ಅಜ್ಜಿಯ ಬಗ್ಗೆ ಒಂದು ಪುಟ ಬರೆಯಬೇಕು, ಪೆನ್ನು ಓಡ್ತಿಲ್ಲ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಗದಗ ಪಕ್ಕದ ಬೆಟಗೇರಿಯಿಂದ ಒಂದು ಪತ್ರ ಬಂತು. ಅದನ್ನು ಓದಿದ ಮೇಲೆ ಸಾಲ, ಸೊಸೆ, ಸಂಬಳದ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು, ಇದೇ ವಿಷಯದ ಸುತ್ತ ಇರುವ ಇನ್ನು ಕೆಲವು ಪತ್ರಗಳನ್ನು ಮಾತ್ರ ತೆಗೆದುಕೊಂಡಿದ್ದೇನೆ. ಹೆಸರು ಹಾಕಬೇಡಿ ಅಂತ ಎಲ್ಲರೂ ಕೇಳಿದ್ದಾರೆ, ಹಾಕಿಲ್ಲ.

ಪ್ರಶ್ನೆ: ಅಕ್ಕ ಅವರಿಗೆ ವಂದನೆಗಳು. ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಹೋದ ತಿಂಗಳು ತೀರಿಕೊಂಡರು. ವಯಸ್ಸು ತೊಂಬತ್ತರ ಹತ್ತಿರ. ನಲವತ್ತನೇ ದಿನದ ಪ್ರಾರ್ಥನೆ ಮನೆಯಲ್ಲೇ ಇಟ್ಟುಕೊಂಡಿದ್ದೇವೆ. ಅವತ್ತು ಅಜ್ಜಿಯ ಜೀವನದ ಬಗ್ಗೆ ಒಂದು ಪುಟ ಓದಿ ಅಂತ ಪಾಸ್ಟರ್ ಹೇಳಿದ್ದಾರೆ. ಸ್ವಲ್ಪ ಓದಿದವನು ಅಂತ ಮನೆಯವರು ಅದನ್ನು ನನ್ನ ತಲೆಗೆ ಕಟ್ಟಿದ್ದಾರೆ. ಬರೆಯೋಕೆ ಕೂತರೆ ‘ದೈವಭಕ್ತೆ, ಪ್ರಾರ್ಥನಾಶೀಲೆ, ಮಮತಾಮಯಿ’ ಅಂತ ಮೂರು ಮಾತು ಬರುತ್ತವೆ, ಅಲ್ಲಿಗೆ ನಿಂತುಹೋಗುತ್ತದೆ. ಪಕ್ಕದ ಓಣಿಯ ಅಜ್ಜಿ ಹೋದಾಗಲೂ ಇವೇ ಮಾತು ಓದಿದ್ದರು. ನಮ್ಮ ಅಜ್ಜಿ ದೊಡ್ಡ ಕೆಲಸ ಏನೂ ಮಾಡಿದವರಲ್ಲ. ಮದುವೆಗೆ ಮೊದಲು ತವರಿನಲ್ಲಿ ಮಗ್ಗಕ್ಕೆ ಕಂಡಿಕೆ, ಅಂದರೆ ನೇಯುವ ನೂಲಿನ ಸುರುಳಿ, ಸುತ್ತುತ್ತಿದ್ದರು. ಆಮೇಲೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದರು. ಐದು ಮಕ್ಕಳನ್ನು ಸಾಕಿದರು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಒಬ್ಬೊಬ್ಬರ ಹೆಸರು ಹೇಳಿ ಜೋರಾಗಿ ಪ್ರಾರ್ಥನೆ ಮಾಡುತ್ತಿದ್ದರು, ನಮ್ಮ ನಿದ್ದೆ ಹಾಳಾಗುತ್ತಿತ್ತು. ಶನಿವಾರ ಚರ್ಚಿನ ಕಸ ಹೊಡೆಯೋಕೆ ಹೋಗುತ್ತಿದ್ದರು. ಇಷ್ಟೇ. ಇದರಲ್ಲಿ ಬರೆಯೋದು ಏನಿದೆ ಹೇಳಿ?
ಮೊಮ್ಮಗ, ಬೆಟಗೇರಿ

ಉತ್ತರ: ತಮ್ಮಾ, ‘ಇಷ್ಟೇ’ ಅಂದಿದ್ದೀರಲ್ಲ, ಅದಕ್ಕೆ ಹಿಂದಿನ ಐದಾರು ಸಾಲು ಇನ್ನೊಮ್ಮೆ ಓದಿ ನೋಡಿ. ದೈವಭಕ್ತೆ ಅನ್ನೋ ಮಾತು ಅಲ್ಲಿಲ್ಲ, ಭಕ್ತಿ ಇದೆ. ನಾಲ್ಕೂವರೆಗೆ ಏಳೋದು, ಹೆಸರು ಹಿಡಿದು ಬೇಡಿಕೊಳ್ಳೋದು, ಮೊಮ್ಮಕ್ಕಳು ಮುಸುಕಿನೊಳಗೆ ಗೊಣಗೋದು, ಶನಿವಾರದ ಕಸಬರಿಗೆ. ಇವು ನಿಮ್ಮ ಅಜ್ಜಿಯವು. ಮಮತಾಮಯಿ ಅನ್ನೋದು ರೆಡಿಮೇಡ್ ಅಂಗಿಯ ಹಾಗೆ ಎಲ್ಲರ ಮೈಗೂ ಬರುತ್ತದೆ, ಅದಕ್ಕೇ ಅದನ್ನು ಕೇಳಿದವರಿಗೆ ಯಾರ ಮುಖವೂ ಕಾಣುವುದಿಲ್ಲ.

ಪಾಸ್ಟರ್ ಅವರನ್ನು ಕೇಳಿದರೆ ಅವರೇ ತೋರಿಸುತ್ತಾರೆ, ಬೈಬಲಿನಲ್ಲಿ ಪೌಲನು ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೇ ಪತ್ರದಲ್ಲಿ, ಮೊದಲನೇ ಅಧ್ಯಾಯದ ಐದನೇ ವಚನದಲ್ಲಿ, ಒಬ್ಬ ಅಜ್ಜಿ ಬರುತ್ತಾಳೆ. ಹೆಸರು ಲೋವಿ, ತಿಮೊಥೆಯನ ಅಜ್ಜಿ. ಹೊಸ ಒಡಂಬಡಿಕೆಯಲ್ಲಿ ಅಜ್ಜಿ ಅಂತ ಹೇಳಿರುವುದು ಅದೊಂದೇ ಕಡೆ. ಅವಳಿಗೆ ನಂಬಿಕೆ ಇತ್ತು, ಅದು ಮಗಳಿಗೆ ಬಂತು, ಮೊಮ್ಮಗನಿಗೂ ಬಂತು ಅಂತ ಇದೆ, ಮುಗೀತು. ಆ ಅಜ್ಜಿ ಎಷ್ಟು ಹೊತ್ತಿಗೆ ಏಳುತ್ತಿದ್ದಳು, ಮೊಮ್ಮಗನಿಗೆ ಯಾವ ಕಥೆ ಹೇಳಿದಳು, ಏನು ಅಡುಗೆ ಮಾಡಿ ಬಡಿಸಿದಳು, ಯಾವುದೂ ಇಲ್ಲ. ಪೌಲನಿಗೆ ಬೇರೆ ಕೆಲಸ ಇತ್ತು, ಅವನನ್ನು ದೂರಲಾರೆ. ನಿಮಗೆ ಸದ್ಯಕ್ಕೆ ಇದೇ ಕೆಲಸ ಅಲ್ವಾ?

ಮೊದಲು ಆ ಹೆಸರುಗಳನ್ನು ಹಿಡಿಯಿರಿ. ಅಷ್ಟು ವರ್ಷ ನಿದ್ದೆ ಕೆಡಿಸಿಕೊಂಡಿದ್ದೀರಿ ಅಂದಮೇಲೆ ಆ ಪ್ರಾರ್ಥನೆ ನಿಮಗೆ ಬಾಯಿಪಾಠ ಆಗಿರಬೇಕು. ಮಕ್ಕಳ ಹೆಸರು ಹುಟ್ಟಿದ ಕ್ರಮದಲ್ಲಿ ಬರುತ್ತಿತ್ತಾ, ಇಲ್ಲ ಯಾರು ಕಷ್ಟದಲ್ಲಿ ಇದ್ದಾರೋ ಅವರದು ಮೊದಲಾ? ಹೊರಗಿನವರ ಹೆಸರು ಇತ್ತಾ? ಆಸ್ಪತ್ರೆಯಲ್ಲಿ ಜೊತೆಗಿದ್ದ ಸಿಸ್ಟರ್, ಉದ್ದರಿ ಕೊಟ್ಟ ಕಿರಾಣಿ ಅಂಗಡಿಯವರು, ಜಗಳ ಆಡಿ ಮಾತು ಬಿಟ್ಟ ನಾದಿನಿ? ಒಂದು ಸಂಜೆ ಅಣ್ಣ ತಮ್ಮ, ಅಕ್ಕ ತಂಗಿ, ಚಿಕ್ಕಪ್ಪನ ಮಕ್ಕಳು ಎಲ್ಲ ಕೂತು ಆ ಸಾಲನ್ನು ಜೋಡಿಸಿ. ಒಬ್ಬರಿಗೆ ಮರೆತದ್ದು ಇನ್ನೊಬ್ಬರಿಗೆ ನೆನಪಿರುತ್ತದೆ. ಮನೆಗೆ ಹೊಸದಾಗಿ ಬಂದ ಸೊಸೆಯ ಹೆಸರು ಎಷ್ಟು ದಿನಕ್ಕೆ ಸೇರಿತು, ಮನೆ ಬಿಟ್ಟು ಹೋದ ಮಗನ ಹೆಸರು ಯಾವತ್ತಾದರೂ ಬಿಟ್ಟುಹೋಗಿತ್ತಾ, ಇಂಥವನ್ನೂ ಕೇಳಿಕೊಳ್ಳಿ. ಆ ಸಾಲನ್ನು ಹಾಗೇ ಪುಟದಲ್ಲಿ ಹಾಕಿ, ವಿವರಣೆ ಬೇಡ. ಪ್ರಾರ್ಥನೆಗೆ ಬಂದವರಲ್ಲಿ ಕೆಲವರಿಗೆ ತಮ್ಮ ಹೆಸರೂ ಅದರಲ್ಲಿ ಇತ್ತು ಅಂತ ಅವತ್ತೇ ಗೊತ್ತಾಗಬಹುದು.

ಆಮೇಲೆ ಮನೆಯ ಹೊರಗೆ ಹೋಗಿ. ಇದನ್ನು ಯಾರೂ ಮಾಡುವುದಿಲ್ಲ, ನನಗೆ ಅದೇ ಬೇಜಾರು. ಅಜ್ಜಿಯ ಬಗ್ಗೆ ಬರೆಯುವಾಗ ಮಕ್ಕಳು ಮೊಮ್ಮಕ್ಕಳನ್ನು ಮಾತ್ರ ಕೇಳುತ್ತಾರೆ, ಅವರಿಗೋ ಅಜ್ಜಿ ಅಂದರೆ ಅಡುಗೆಮನೆ ಮತ್ತು ಹಾಸಿಗೆ ಅಷ್ಟೇ ಗೊತ್ತಿರುತ್ತದೆ. ಆಯಾ ಆಗಿದ್ದವರು ಎಷ್ಟು ರಾತ್ರಿ ಪಾಳಿ ಮಾಡಿದ್ದಾರೆ, ಎಷ್ಟು ಬಾಣಂತಿಯರ ಬಟ್ಟೆ ತೊಳೆದಿದ್ದಾರೆ, ಎಷ್ಟು ಹೆಣಗಳ ಕಣ್ಣು ಮುಚ್ಚಿದ್ದಾರೆ, ಅದೆಲ್ಲ ಮನೆಯಲ್ಲಿ ಹೇಳಿರುವುದಿಲ್ಲ. ಜೊತೆಗೆ ಕೆಲಸ ಮಾಡಿದ ಒಬ್ಬರಾದರೂ ಊರಲ್ಲಿ ಇದ್ದಾರಾ ನೋಡಿ. ಅವರಿಗೂ ವಯಸ್ಸಾಗಿರುತ್ತದೆ, ನಾಳೆ ನಾಡಿದ್ದು ಅನ್ನಬೇಡಿ. ಹೋದಾಗ ‘ನಮ್ಮ ಅಜ್ಜಿ ಹೇಗಿದ್ದರು’ ಅಂತ ಮಾತ್ರ ಕೇಳಬೇಡಿ. ‘ಭಾಳ ಛಲೋ ಇದ್ರು ಬಿಡ್ರಿ’ ಅಂತ ಚಹಾ ಕೊಟ್ಟು ಕಳಿಸುತ್ತಾರೆ. ಪಾಳಿ ಯಾವಾಗ ಶುರುವಾಗುತ್ತಿತ್ತು, ಬುತ್ತಿಯಲ್ಲಿ ಏನು ತರುತ್ತಿದ್ದರು, ಡಾಕ್ಟರ್ ಬೈದರೆ ಏನು ಮಾಡುತ್ತಿದ್ದರು, ಯಾವತ್ತಾದರೂ ಅತ್ತಿದ್ದರಾ, ಹೀಗೆ ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳೋದಾದರೆ ಮೊದಲೇ ಹೇಳಿ ಮಾಡಿ.

ಇನ್ನು ಊರಿನ ಕಥೆ. ಬಾಸೆಲ್ ಮಿಷನ್ ಅಂದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಕ್ರೈಸ್ತ ಮಿಷನ್, ಬಂದವರಲ್ಲಿ ಬಹಳ ಜನ ಜರ್ಮನರು. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ನಿಮ್ಮ ಬೆಟಗೇರಿ. ಆಗಲೂ ಬೆಟಗೇರಿ ನೇಕಾರರ ಊರೇ. ಅಲ್ಲಿನ ಮಿಷನ್ ಆಸ್ಪತ್ರೆಯನ್ನು ಜನ ಈಗಲೂ ಜರ್ಮನ್ ಆಸ್ಪತ್ರೆ ಅನ್ನುತ್ತಾರೆ, ಬಸ್ಸಿನವರಿಗೂ ರಿಕ್ಷಾದವರಿಗೂ ಹಾಗಂದರೇ ಗೊತ್ತಾಗೋದು. ಇದನ್ನೆಲ್ಲ ಪುಟದಲ್ಲಿ ತುಂಬಿ ಅಂತ ಹೇಳುತ್ತಿಲ್ಲ, ದಯವಿಟ್ಟು ತುಂಬಬೇಡಿ, ಅವತ್ತು ಜನ ಬರುವುದು ಮಿಷನ್ ಚರಿತ್ರೆ ಕೇಳೋಕಲ್ಲ. ಆದರೆ ಒಂದು ಪ್ರಶ್ನೆಗೆ ಇದು ಬೇಕು. ಕಂಡಿಕೆ ಸುತ್ತುವ ಹುಡುಗಿ, ಕೂಲಿ ಮನೆಯವಳು, ಆ ಕಾಲದಲ್ಲಿ ಓದು ಕಲಿತಿದ್ದಾದರೂ ಹೇಗೆ? ಬೈಬಲ್ ಓದುತ್ತಿದ್ದರಾ ಅಂತ ನೀವು ಬರೆದಿಲ್ಲ, ಓದುತ್ತಿದ್ದರು ಅಂತ ನಾನು ಅಂದುಕೊಂಡಿದ್ದೇನೆ. ಮಿಷನ್ ಇದ್ದ ಊರುಗಳಲ್ಲಿ ಹೆಣ್ಣುಮಕ್ಕಳ ಶಾಲೆ ಇತ್ತು, ದೃಢೀಕರಣಕ್ಕೆ, ಅಂದರೆ ಚರ್ಚಿನ ಪೂರ್ಣ ಸದಸ್ಯರಾಗುವ ವಿಧಿಗೆ, ಮೊದಲು ಧರ್ಮಬೋಧೆಯ ಪ್ರಶ್ನೋತ್ತರ ಬಾಯಿಪಾಠ ಮಾಡಬೇಕಿತ್ತು, ಕೀರ್ತನೆ ಪುಸ್ತಕ ಕೈಯಲ್ಲಿ ಹಿಡಿಯಬೇಕಿತ್ತು. ಓಣಿಯಲ್ಲಿ ಬೇರೆ ಹೆಂಗಸರು ಹೆಬ್ಬೆಟ್ಟು ಒತ್ತುವಾಗ ಇವರು ಬೇರೆಯವರ ಮನೆಗೆ ಹೋಗಿ ಬಂದ ಕಾಗದ ಓದಿ ಹೇಳುತ್ತಿದ್ದರಾ? ಕೇಳಿ ನೋಡಿ. ಹಾಗಿದ್ದರೆ ಅದು ಒಂದು ಸಾಲು ಅಲ್ಲ, ಒಂದು ಪ್ಯಾರಾ ಬರೆಯುವಷ್ಟು ದೊಡ್ಡ ಸಂಗತಿ.

ಹಾಡುಗಳನ್ನು ಮರೆಯಬೇಡಿ. ಹಳೆ ಗೀತೆಗಳ ಪುಸ್ತಕದಲ್ಲಿ ಜರ್ಮನಿಯ ರಾಗಕ್ಕೆ ಕನ್ನಡ ಕೂಡಿಸಿದವೂ ಇದ್ದವು, ನಮ್ಮ ಭಜನೆ ಧಾಟಿಯ ಕೀರ್ತನೆಗಳೂ ಇದ್ದವು. ಅಜ್ಜಿ ಯಾವುದನ್ನು ಹಾಡುತ್ತಿದ್ದರು, ಯಾವ ಕೆಲಸ ಮಾಡುವಾಗ? ರೊಟ್ಟಿ ಬಡಿಯುವಾಗ ಒಂದು, ಬಟ್ಟೆ ಒಗೆಯುವಾಗ ಇನ್ನೊಂದು ಅಂತ ಇರುತ್ತದೆ. ಆ ಹಾಡನ್ನು ಅವತ್ತು ಹಾಡಿಸಿ. ಅದೂ ಅಜ್ಜಿ ಹಾಡುತ್ತಿದ್ದ ಧಾಟಿಯಲ್ಲೇ, ಕೀಬೋರ್ಡ್ ಬೇಡ.

ಮತ್ತೆ ಕೊನೆಗೆ, ಅಜ್ಜಿಯ ಕೆಟ್ಟ ಗುಣ ಒಂದಾದರೂ ಬರೆಯಿರಿ. ಗಾಬರಿ ಆಗಬೇಡಿ. ನಶ್ಯದ ಡಬ್ಬಿ ಸೆರಗಿನಲ್ಲಿ ಬಚ್ಚಿಡುತ್ತಿದ್ದರಾ? ಭಾನುವಾರ ಟೀವಿ ಹಾಕಿದರೆ ಪ್ಲಗ್ಗೇ ಕಿತ್ತುಬಿಡುತ್ತಿದ್ದರಾ? ಒಬ್ಬ ಸೊಸೆಗೆ ಒಂದು, ಇನ್ನೊಬ್ಬಳಿಗೆ ಒಂದು ಮಾಡುತ್ತಿದ್ದರಾ? (ಈ ಕಡೆಯದನ್ನು ಇಬ್ಬರು ಸೊಸೆಯರಿಗೂ ಮೊದಲೇ ತೋರಿಸಿ, ನಲವತ್ತನೇ ದಿನ ಜಗಳ ಬೇಡ.) ಬರೀ ಒಳ್ಳೆಯದನ್ನೇ ಬರೆದರೆ ಕೇಳುವವರು ಮೂರನೇ ಸಾಲಿಗೆ ಗಡಿಯಾರ ನೋಡುತ್ತಾರೆ. ಪ್ಲಗ್ ಕಿತ್ತದ್ದು ಹೇಳಿ, ನಗುತ್ತಾರೆ. ನಕ್ಕ ಮೇಲೆ ನೀವು ನಾಲ್ಕೂವರೆ ಗಂಟೆಯ ವಿಷಯ ಹೇಳಿದರೆ ಅದನ್ನು ನಂಬುತ್ತಾರೆ.

ಶುರು ಹೇಗೆ ಅಂತ ತಲೆ ಕೆಡಿಸಿಕೊಂಡಿದ್ದರೆ, ನಿಮ್ಮ ಪತ್ರದಿಂದಲೇ ತೆಗೆದು ಕೊಡುತ್ತೇನೆ: ‘ನಮ್ಮ ಅಜ್ಜಿ ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತಿದ್ದರು. ಅಲಾರಾಂ ಇರಲಿಲ್ಲ. ಅವರು ಎದ್ದರೆ ನಮಗೂ ಎಚ್ಚರ ಆಗುತ್ತಿತ್ತು, ಯಾಕಂದರೆ ಅವರು ದೇವರ ಹತ್ತಿರ ಮಾತಾಡುವಾಗ ಮೆಲ್ಲಗೆ ಮಾತಾಡುತ್ತಿರಲಿಲ್ಲ.’ ಇಲ್ಲಿಂದ ಮುಂದೆ ಹೆಸರುಗಳು, ಆಮೇಲೆ ಆಸ್ಪತ್ರೆ, ಆಮೇಲೆ ಶನಿವಾರ. ಹುಟ್ಟಿದ್ದು, ಮದುವೆ, ಮಕ್ಕಳ ಲೆಕ್ಕ ಎಲ್ಲ ಕೊನೆಗೆ ಎರಡು ಸಾಲಿನಲ್ಲಿ. ಓದೋಕೆ ಐದು ನಿಮಿಷ ಸಾಕು. ಒಮ್ಮೆ ಜೋರಾಗಿ ಓದಿ ನೋಡಿಕೊಳ್ಳಿ, ನಿಮಗೆ ಗಂಟಲು ಕಟ್ಟುವ ಜಾಗ ಎಲ್ಲಿದೆ ಅಂತ ಗೊತ್ತಿದ್ದರೆ ಒಳ್ಳೆಯದು.

ಪ್ರಶ್ನೆ: ಮೇಡಂ, ನನ್ನದು ಸ್ವಲ್ಪ ಸಿಟ್ಟಿನ ಪ್ರಶ್ನೆ. ನಮ್ಮಜ್ಜಿ ಜೀವನ ಪೂರ್ತಿ ಚರ್ಚಿಗೆ ದುಡಿದಳು. ಅನ್ನಕ್ಕೆ ಅಕ್ಕಿ ತೆಗೆಯುವಾಗ ದಿನಾ ಒಂದು ಹಿಡಿ ಬೇರೆ ಡಬ್ಬಿಗೆ ಹಾಕಿ, ತಿಂಗಳಿಗೊಮ್ಮೆ ಅದನ್ನು ಚರ್ಚಿಗೆ ಹೊತ್ತು ಕೊಂಡೊಯ್ಯುತ್ತಿದ್ದಳು. ಸಂಡೇ ಸ್ಕೂಲ್, ಸ್ತ್ರೀಯರ ಕೂಟ, ಸುಗ್ಗಿ ಹಬ್ಬದ ಅಡುಗೆ, ಹೆಣದ ಮನೆಗೆ ಚಹಾ, ಎಲ್ಲದಕ್ಕೂ ಅವಳೇ. ಕಮಿಟಿಯಲ್ಲಿ ಕೂತವರು ಮಾತ್ರ ಗಂಡಸರು. ನಾನು ಈಗ ಚರ್ಚಿಗೆ ಹೋಗುವುದಿಲ್ಲ, ನಂಬಿಕೆಯೂ ಅಷ್ಟಕ್ಕಷ್ಟೇ. ವರ್ಷದ ಪ್ರಾರ್ಥನೆಗೆ ‘ನೀ ಮಾತಾಡವ್ವಾ, ನಿನ್ನ ಮ್ಯಾಲ ಭಾಳ ಜೀವ ಇತ್ತು’ ಅಂತಾರೆ. ನಂಬದ ನಾನು ಅವಳ ಭಕ್ತಿಯ ಬಗ್ಗೆ ಮಾತಾಡಿದರೆ ಅದು ನಾಟಕ ಆಗಲ್ವಾ?
ಮೊಮ್ಮಗಳು, ಹುಬ್ಬಳ್ಳಿ

ಉತ್ತರ: ಆಗುವುದಿಲ್ಲ. ಮಾತಾಡಿ. ನೀವು ಸಾಕ್ಷಿ ಹೇಳಬೇಕಾಗಿರುವುದು ಅವಳ ದೇವರ ಬಗ್ಗೆ ಅಲ್ಲ, ಅವಳ ಬಗ್ಗೆ. ನಿಮ್ಮ ಕಣ್ಣಿಗೆ ಬಿದ್ದದ್ದು ಹೇಳೋಕೆ ನಂಬಿಕೆ ಬೇಕಾಗಿಲ್ಲ. ಆ ಅಕ್ಕಿ ಡಬ್ಬಿ ಯಾವ ಡಬ್ಬಿ? ಹಾರ್ಲಿಕ್ಸ್ ಬಾಟಲಿಯಾ, ಡಾಲ್ಡಾ ಡಬ್ಬಿಯಾ? ಮನೆಯಲ್ಲಿ ಅಕ್ಕಿ ಕಡಿಮೆ ಇದ್ದ ತಿಂಗಳು ಆ ಹಿಡಿ ಸಣ್ಣದಾಗುತ್ತಿತ್ತಾ? ಈ ಒಂದು ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ನಿಮ್ಮ ಭಾಷಣ ಮುಗಿದಂತೆ.

ಸಿಟ್ಟಿನ ವಿಷಯಕ್ಕೆ ಬರೋಣ. ನಿಮ್ಮ ಸಿಟ್ಟು ಸರಿಯಾಗೇ ಇದೆ, ಅದನ್ನು ಸಮಾಧಾನ ಮಾಡೋ ಮಾತು ನನ್ನ ಹತ್ತಿರ ಇಲ್ಲ. ಮಠ, ಮಸೀದಿ, ಗುಡಿ, ಚರ್ಚು ಎಲ್ಲೇ ನೋಡಿ, ಪಾತ್ರೆ ಉಜ್ಜುವವರು ಒಬ್ಬರು, ಫೋಟೊಕ್ಕೆ ನಿಲ್ಲುವವರು ಇನ್ನೊಬ್ಬರು. ಹಲವು ಪ್ರಾಟೆಸ್ಟೆಂಟ್ ಚರ್ಚುಗಳು ಕೂಡಿ ಆದ ದಕ್ಷಿಣ ಭಾರತ ಸಭೆ (ಸಿಎಸ್ಐ) ಶುರುವಾದದ್ದು 1947ರಲ್ಲಿ. ಅದರ ಮೊದಲ ಮಹಿಳಾ ಬಿಷಪ್ ಆಗಿ ಆಂಧ್ರದ ನಂದ್ಯಾಲದಲ್ಲಿ ಪುಷ್ಪಲಲಿತಾ ಅವರು ಬಂದದ್ದು 2013ರಲ್ಲಿ. ಲೆಕ್ಕ ನೀವೇ ಹಾಕಿ. ನಿಮ್ಮ ಅಜ್ಜಿಯ ವಯಸ್ಸಿನವರಿಗೆ ಕಮಿಟಿಯ ಕುರ್ಚಿ ಕನಸಿಗೂ ಬಂದಿರಲಿಕ್ಕಿಲ್ಲ.

ಆದರೆ ವರ್ಷದ ಪ್ರಾರ್ಥನೆಯ ದಿನ ಕಮಿಟಿಯವರನ್ನು ಎದುರಿಗೆ ಕೂಡಿಸಿಕೊಂಡು ಚುಚ್ಚುವುದರಿಂದ ಅಜ್ಜಿಗೆ ಏನೂ ಸಿಗುವುದಿಲ್ಲ. ಅವಳು ಮಾಡಿದ ಕೆಲಸಗಳನ್ನೇ ಒಂದೊಂದಾಗಿ ಹೇಳಿ. ಸುಗ್ಗಿ ಹಬ್ಬಕ್ಕೆ ಎಷ್ಟು ಜನರ ಅಡುಗೆ, ಒಲೆ ಹಚ್ಚಿದವರು ಯಾರು, ಕಾಣಿಕೆ ಬಂದ ಕುಂಬಳಕಾಯಿ ಕೋಳಿ ಹರಾಜು ಹಾಕುವಾಗ ಅವಳು ಎಲ್ಲಿದ್ದಳು, ಕೊನೆಗೆ ಊಟಕ್ಕೆ ಕೂತದ್ದು ಯಾವಾಗ. ಸುಮ್ನೆ ವರದಿ ಒಪ್ಪಿಸಿದ ಹಾಗೆ ಹೇಳಿ, ದನಿ ಏರಿಸಬೇಡಿ. ಅರ್ಥ ಆಗಬೇಕಾದವರಿಗೆ ಅರ್ಥ ಆಗುತ್ತದೆ. ಇನ್ನೊಂದು, ಅವಳಿಗೆ ಆ ಕೆಲಸ ಭಾರ ಆಗಿತ್ತು ಅಂತ ನೀವೇ ತೀರ್ಮಾನ ಮಾಡಬೇಡಿ. ಸ್ತ್ರೀಯರ ಕೂಟ ಅಂದರೆ ವಾರಕ್ಕೊಮ್ಮೆ ಮನೆ ಬಿಟ್ಟು ಹೊರಗೆ ಹೋಗೋಕೆ, ನಾಲ್ಕು ಜನರ ಎದುರು ನಿಂತು ಓದೋಕೆ, ಲೆಕ್ಕದ ಪುಸ್ತಕ ಇಡೋಕೆ ಸಿಕ್ಕ ಜಾಗವೂ ಆಗಿರಬಹುದು. ಅತ್ತೆ ಗಂಡ ಬೇಡ ಅನ್ನಲಾಗದ ಜಾಗ! ಅವಳ ಜೊತೆಗಾರ್ತಿಯರು ಯಾರಾದರೂ ಇದ್ದರೆ ಹೋಗಿ ಮಾತಾಡಿಸಿ. ನಿಮಗೆ ಗೊತ್ತಿರುವ ಅಜ್ಜಿಗಿಂತ ತುಂಟಿಯಾದ ಒಬ್ಬ ಅಜ್ಜಿ ಅಲ್ಲಿ ಸಿಕ್ಕಾಳು.

ಪ್ರಾರ್ಥನೆ ಮಾಡಿಸಬೇಕು ಅಂತ ಒತ್ತಾಯ ಬಂದರೆ ‘ನಾ ಮಾತಾಡ್ತೀನಿ, ಪ್ರಾರ್ಥನೆ ನೀವು ಮಾಡ್ರಿ’ ಅನ್ನಿ. ಅದರಲ್ಲಿ ಯಾರಿಗೂ ಅವಮಾನ ಇಲ್ಲ.

ಪ್ರಶ್ನೆ: ನಾವು ಲಿಂಗಾಯತರು. ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಕ್ರೈಸ್ತ ಅಜ್ಜಿ ಇದ್ದರು, ನನ್ನನ್ನು ಎತ್ತಿ ಆಡಿಸಿದವರು. ಕ್ರಿಸ್‌ಮಸ್‌ಗೆ ಕರ್ಚಿಕಾಯಿ, ಚಕ್ಕುಲಿ, ಶಂಕರಪೋಳಿ ನಮ್ಮ ಮನೆಗೇ ಅಂತ ಬೇರೆ ಬಾಣಲೆ ಇಟ್ಟು ಕರಿಯುತ್ತಿದ್ದರು, ತತ್ತಿ ಹಾಕಿದ ಕೇಕನ್ನು ನಮ್ಮವ್ವನ ಕಣ್ಣು ತಪ್ಪಿಸಿ ನನಗೆ ಕೊಡುತ್ತಿದ್ದರು. ಅವರು ಹೋದರು. ಈಸ್ಟರ್ ದಿನ ಅವರ ಮನೆಯವರು ಸ್ಮಶಾನಕ್ಕೆ ಹೋಗುತ್ತಾರಂತೆ. ನಾನೂ ಹೋಗಬಹುದಾ? ಏನು ಒಯ್ಯಬೇಕು? ಊದಿನಕಡ್ಡಿ, ಕಾಯಿ ನಡೆಯುತ್ತದಾ?
ಹಾವೇರಿಯ ಓದುಗರು

ಉತ್ತರ: ಧಾರಾಳವಾಗಿ ಹೋಗಿ. ಮನೆಯವರಿಗೆ ಹಿಂದಿನ ದಿನ ‘ನಾನೂ ಬರ್ತೀನ್ರಿ’ ಅಂತ ಒಂದು ಮಾತು ಹೇಳಿ, ಬೇಡ ಅನ್ನುವವರು ಯಾರೂ ಇಲ್ಲ. ಬಹಳ ಊರುಗಳಲ್ಲಿ ಈಸ್ಟರ್ ಬೆಳಿಗ್ಗೆ ಇನ್ನೂ ಬೆಳಕು ಹರಿಯುವ ಮೊದಲೇ ಹೋಗುತ್ತಾರೆ, ಆದ್ದರಿಂದ ಹೊತ್ತು ಕೇಳಿಟ್ಟುಕೊಳ್ಳಿ. ಹೂವು ಮತ್ತು ಮೇಣದಬತ್ತಿ ಸಾಕು. ಸಮಾಧಿಯನ್ನು ಹಿಂದಿನ ದಿನವೇ ತೊಳೆದು, ಕಸ ಕಿತ್ತು, ಸುಣ್ಣ ಹಚ್ಚಿರುತ್ತಾರೆ. ಆ ಕೆಲಸಕ್ಕೂ ನೀವು ಕೈ ಹಚ್ಚಿದರೆ ಇನ್ನೂ ಒಳ್ಳೆಯದು. ಕಾಯಿ, ಕುಂಕುಮ ಬೇಡ. ಊದಿನಕಡ್ಡಿ ಕೆಲವರು ಹಚ್ಚುತ್ತಾರೆ, ಕೆಲವರಿಗೆ ಸರಿಬರುವುದಿಲ್ಲ, ಮನೆಯವರು ಹಚ್ಚಿದರೆ ನೀವೂ ಹಚ್ಚಿ. ಹಾಡುವಾಗ, ಪ್ರಾರ್ಥನೆ ಮಾಡುವಾಗ ಸುಮ್ಮನೆ ನಿಂತರಾಯಿತು. ಹೂಳುವುದು ನಿಮ್ಮಲ್ಲೂ ಇರುವ ಪದ್ಧತಿ, ಮಣ್ಣಿನ ಮುಂದೆ ಹೇಗೆ ನಿಲ್ಲಬೇಕು ಅಂತ ನಿಮಗೆ ಯಾರೂ ಕಲಿಸಬೇಕಾಗಿಲ್ಲ.

ನಿಮ್ಮ ಹಾವೇರಿಯ ವಿಷಯ ಬಂದಾಗ ಒಂದು ಮಾತು ಹೇಳದೇ ಇರಲಾರೆ. ಸರ್ವಜ್ಞನ ವಚನ ಎಲ್ಲರ ಬಾಯಲ್ಲೂ ಇದೆ, ಅವನ ಹೆಸರಿನ ಜೊತೆ ಬರುವ ಅಬಲೂರು, ಮಾಸೂರು ಎರಡೂ ನಿಮ್ಮ ಜಿಲ್ಲೆಯವೇ. ಆ ವಚನಗಳನ್ನು ಊರೂರು ಅಲೆದು ಕೂಡಿಸಿ 1924ರಲ್ಲಿ ಪುಸ್ತಕ ಮಾಡಿದವರು ಧಾರವಾಡದಲ್ಲಿ ಹುಟ್ಟಿದ ಉತ್ತಂಗಿ ಚನ್ನಪ್ಪನವರು, ಬಾಸೆಲ್ ಮಿಷನ್‌ನ ಪಾದ್ರಿ. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಬಾಣಲೆ ಬೇರೆ ಇಟ್ಟು ನಿಮಗೆ ಕರ್ಚಿಕಾಯಿ ಕರಿದ ಅಜ್ಜಿ ಇದೇ ಸೀಮೆಯವರು, ಅದರಲ್ಲಿ ಆಶ್ಚರ್ಯ ಪಡುವಂಥದ್ದು ಏನೂ ಇಲ್ಲ. ಈಗ ಆಶ್ಚರ್ಯ ಪಡುವ ಕಾಲ ಬಂದಿದೆ, ಅದು ಬೇರೆ ಮಾತು.

ಬರುವ ಕ್ರಿಸ್‌ಮಸ್‌ಗೆ ಆ ಮನೆಯಲ್ಲಿ ಹಬ್ಬ ಮಾಡುತ್ತಾರೋ ಇಲ್ಲವೋ, ಮೊದಲ ವರ್ಷ ಬಹಳ ಮನೆಯಲ್ಲಿ ಮಾಡುವುದಿಲ್ಲ. ಈ ಸಲ ನೀವು ಕರ್ಚಿಕಾಯಿ ಮಾಡಿ ಒಯ್ಯಿರಿ. ಕೇಕಿನ ಗುಟ್ಟು ಅವರ ಮಕ್ಕಳಿಗೆ ಹೇಳಿ, ಅವರಿಗೆ ಗೊತ್ತಿರಲಿಕ್ಕಿಲ್ಲ.

ಪ್ರಶ್ನೆ: ಅಜ್ಜಿಯ ಬೈಬಲ್ ಮತ್ತು ಕೀರ್ತನೆ ಪುಸ್ತಕ ನನ್ನ ಪಾಲಿಗೆ ಬಂದಿವೆ. ಹಾಳೆ ಹಳದಿಯಾಗಿ ಮುಟ್ಟಿದರೆ ಮುರಿಯುತ್ತವೆ, ಬೆನ್ನು ಹರಿದಿದೆ. ಸೆಲ್ಲೋಟೇಪ್ ಹಚ್ಚಲಾ? ಲ್ಯಾಮಿನೇಶನ್ ಮಾಡಿಸಲಾ?
ಧಾರವಾಡದಿಂದ

ಉತ್ತರ: ಎರಡೂ ಬೇಡವೇ ಬೇಡ! ಸೆಲ್ಲೋಟೇಪಿನ ಅಂಟು ವರ್ಷ ಕಳೆದಂತೆ ಕಂದು ಕಲೆಯಾಗಿ ಅಕ್ಷರಗಳನ್ನು ತಿನ್ನುತ್ತದೆ. ಲ್ಯಾಮಿನೇಶನ್ ಮಾಡಿದರೆ ಆ ಹಾಳೆಯನ್ನು ಮತ್ತೆ ಬಿಡಿಸೋಕೆ ಬರುವುದಿಲ್ಲ. ಕಟ್ಟಿಗೆಯ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಆಮ್ಲ ಇರುತ್ತದೆ, ಹಳದಿಯಾಗಿ ಮುರಿಯುವುದು ಅದರಿಂದ. ಅದನ್ನು ಮನೆಯಲ್ಲಿ ಸರಿ ಮಾಡಲಾಗುವುದಿಲ್ಲ, ನಿಧಾನ ಮಾಡಬಹುದು. ತೊಳೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿ ಅಡ್ಡವಾಗಿ ಮಲಗಿಸಿ ಇಡಿ. ಬಿಸಿಲು, ಅಡುಗೆಮನೆ, ಹೊರಗೋಡೆ ಯಾವುದೂ ಬೇಡ. ಧಾರವಾಡದ ಮಳೆಗಾಲ ಮುಗಿದ ಮೇಲೆ ಒಮ್ಮೆ ತೆಗೆದು ನೆರಳಿನಲ್ಲಿ ಗಾಳಿಗೆ ಇಡಿ, ಹುಳ ಬಿದ್ದಿದೆಯಾ ನೋಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಬೇಡಿ, ತೇವ ಒಳಗೇ ನಿಲ್ಲುತ್ತದೆ.

ಅದಕ್ಕೂ ಮೊದಲು ಪ್ರತಿ ಹಾಳೆಯ ಫೋಟೊ ತೆಗೆದುಕೊಳ್ಳಿ, ಕಿಟಕಿಯ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ. ಮುದ್ರಿತ ಪಠ್ಯಕ್ಕಾಗಿ ಅಲ್ಲ. ಕನ್ನಡದಲ್ಲಿ ಇಡೀ ಬೈಬಲ್ ಬಳ್ಳಾ­ರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅನ್ನೋ ಪಾದ್ರಿಯ ಕಾಲದಲ್ಲಿ, 1831ರ ಹೊತ್ತಿಗೇ ಅಚ್ಚಾಗಿ ಬಂದಿತ್ತು, ಇವತ್ತೂ ಅಂಗಡಿಯಲ್ಲಿ ಸಿಗುತ್ತದೆ. ನಿಮಗೆ ಬೇಕಾದದ್ದು ಅಂಚಿನಲ್ಲಿರುವುದು. ಪೆನ್ಸಿಲಿನ ಗೆರೆ, ಮಡಚಿದ ಮೂಲೆ, ಮೊದಲ ಖಾಲಿ ಪುಟದಲ್ಲಿ ಬರೆದ ಹುಟ್ಟು, ಮದುವೆ, ಸಾವುಗಳ ತಾರೀಕು, ನಡುವೆ ಇಟ್ಟ ಮದುವೆ ಕರೆಯೋಲೆ, ಔಷಧದ ಚೀಟಿ, ಒಣ ಹೂ. ಯಾವ ಪುಟದಲ್ಲಿ ಏನು ಇತ್ತು ಅಂತ ಬರೆದುಕೊಂಡೇ ತೆಗೆಯಿರಿ. ‘ಯೆಹೋವನು ನನಗೆ ಕುರುಬನು’ ಅನ್ನುವ 23ನೇ ಕೀರ್ತನೆಯ ಪುಟ ಎಲ್ಲರ ಬೈಬಲಿನಲ್ಲೂ ಸವೆದಿರುತ್ತದೆ, ಅದರಿಂದ ಜಾಸ್ತಿ ಏನೂ ಗೊತ್ತಾಗುವುದಿಲ್ಲ. ಅದನ್ನು ಬಿಟ್ಟು ಬೇರೆ ಯಾವ ಪುಟ ಸವೆದಿದೆ ನೋಡಿ. ಆ ಪುಟದ ಬಗ್ಗೆ ನಿಮ್ಮ ಅಪ್ಪನನ್ನೋ ಅತ್ತೆಯನ್ನೋ ಕೇಳಿ.

ಹಳೆ ಫೋಟೊ ಬೇಕಿದ್ದರೆ ಇನ್ನೊಂದು ದಾರಿ. ಬಾಸೆಲ್ ಮಿಷನ್‌ನ ಹಳೆ ಫೋಟೊಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಇವೆ, ಬಹಳಷ್ಟನ್ನು ಇಂಟರ್ನೆಟ್ಟಿನಲ್ಲಿ ನೋಡಬಹುದು. ಊರಿನ ಹೆಸರನ್ನು ಹಳೇ ಇಂಗ್ಲಿಷ್ ಸ್ಪೆಲಿಂಗಿನಲ್ಲಿ, ಹುಬ್ಲಿ, ಧಾರ್ವಾರ್ ಅಂತ ಹಾಕಿ ಹುಡುಕಿ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನಲ್ಲೂ ಮಿಷನ್ ಕಾಲದ ದಾಖಲೆಗಳಿವೆ. ನಿಮ್ಮ ಅಜ್ಜಿಯೇ ಸಿಗುತ್ತಾರೆ ಅಂತಲ್ಲ. ಅವರು ಓದಿದ ಶಾಲೆಯ ಅಂಗಳ ಸಿಕ್ಕರೂ ಸಿಕ್ಕೀತು.

ಪ್ರಶ್ನೆ: ಅಜ್ಜಿಯ ಸಮಾಧಿ ಕಲ್ಲಿನ ಮೇಲೆ ಹುಟ್ಟಿದ ವರ್ಷ ಹಾಕಬೇಕು. ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಅಂತ ಇದೆ, ಅದು ಸುಳ್ಳು ಅಂತ ಎಲ್ಲರಿಗೂ ಗೊತ್ತು. ಏನು ಮಾಡೋದು?
ಗದಗದಿಂದ

ಉತ್ತರ: ಆಧಾರ್ ಕಾರ್ಡಿನ ಜನವರಿ ಒಂದು ಕಲ್ಲಿಗೆ ಬೇಡ. ಅಜ್ಜಿ ಹುಟ್ಟಿದ ಊರಿನ ಚರ್ಚಿಗೆ ಹೋಗಿ ದೀಕ್ಷಾಸ್ನಾನದ ರಿಜಿಸ್ಟರ್ ನೋಡಿಸಿ. ಕೂಸಾಗಿದ್ದಾಗ ದೀಕ್ಷಾಸ್ನಾನ ಆಗಿದ್ದರೆ ಹುಟ್ಟಿದ ತಾರೀಕೂ ಅಲ್ಲೇ ಪಕ್ಕದಲ್ಲಿ ಇರುತ್ತದೆ. ಅಪ್ಪ ಅಮ್ಮನ ಹೆಸರಿನಿಂದ ಹುಡುಕಿ, ಮನೆಯಲ್ಲಿ ಕರೆಯುವ ಹೆಸರು ಅಲ್ಲಿರುವುದಿಲ್ಲ. ಅದು ಸಿಗದಿದ್ದರೆ ಮದುವೆಯ ರಿಜಿಸ್ಟರ್, ಅದರಲ್ಲಿ ವಯಸ್ಸು ಬರೆದಿರುತ್ತಾರೆ. ಮೊದಲೇ ಪಾಸ್ಟರ್ ಅವರಿಗೆ ಫೋನ್ ಮಾಡಿ ಹೋಗಿ, ಭಾನುವಾರ ಆರಾಧನೆ ಮುಗಿದ ಗದ್ದಲದಲ್ಲಿ ಕೇಳಬೇಡಿ. ಹುಟ್ಟಿದ ಜಾಗಕ್ಕೆ ಗದಗ ಜಿಲ್ಲೆ ಅಂತ ಹಾಕಲು ಹೋಗಬೇಡಿ, ಆಗ ಅದು ಧಾರವಾಡ ಜಿಲ್ಲೆ, ಗದಗ ಜಿಲ್ಲೆಯಾದದ್ದು 1997ರಲ್ಲಿ. ಊರ ಹೆಸರು ಸಾಕು. ಯಾವ ರಿಜಿಸ್ಟರೂ ಸಿಗಲಿಲ್ಲ ಅಂದರೆ ತೀರಿಕೊಂಡ ತಾರೀಕು ಒಂದನ್ನೇ ಹಾಕಿ, ಬಹಳ ಹಳೆಯ ಕಲ್ಲುಗಳು ಹಾಗೇ ಇವೆ.

ಹೆಸರಿನ ಕಾಗುಣಿತವನ್ನು ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ಬರೆದು ಕಲ್ಲಿನವರಿಗೆ ಕೊಡಿ, ಫೋನಿನಲ್ಲಿ ಹೇಳಬೇಡಿ. ಕೆತ್ತುವ ಮೊದಲು ಕಲ್ಲಿನ ಮೇಲೆ ಬಣ್ಣದಲ್ಲಿ ಬರೆಸಿ, ಮನೆಯ ಇಬ್ಬರು ಹೋಗಿ ಓದಿ ನೋಡಿ, ಆಮೇಲೆ ಉಳಿ ಹಚ್ಚಿಸಿ. ಒತ್ತಕ್ಷರ ಬಿಟ್ಟರೆ ಕಲ್ಲೇ ಬದಲಾಯಿಸಬೇಕಾಗುತ್ತದೆ.